ನಿಂತು ನಿಂತು ಓಡುವ ಎಂಜಿನ್: ಕೈಗೆ ಸಿಗದ ದೋಷವನ್ನು ಹಿಡಿಯುವುದು ಹೇಗೆ?

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ನೀವು ಕಾರಿನಲ್ಲಿ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೊರಟಿದ್ದೀರಿ ಎಂದುಕೊಳ್ಳಿ. ಕಾರಿಗೆ ಇಪ್ಪತ್ತು ವರ್ಷ ದಾಟಿದೆ. ಆದರೂ ಅದು ಕಾರ್ಬುರೇಟರ್ ಕಾಲದ್ದಲ್ಲ, ಪೆಟ್ರೋಲನ್ನು ಇಂಜೆಕ್ಟರಿನ ಮೂಲಕ ಸಿಂಪಡಿಸುವ ಎಂಪಿಎಫ್‌ಐ ಎಂಜಿನ್ನಿನದು. ತಳಕು ದಾಟಿ ಬಿ.ಜಿ. ಕೆರೆಯ ಕಡೆಗೆ ಸಾಗುತ್ತಿರುವಾಗ ಎಂಜಿನ್ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಕೀಲಿ ತಿರುಗಿಸಿದರೆ ಸ್ಟಾರ್ಟರ್ ಮೋಟಾರು ಚೆನ್ನಾಗಿಯೇ ತಿರುಗುತ್ತದೆ, ಎಂಜಿನ್ ಮಾತ್ರ ಹೊತ್ತಿಕೊಳ್ಳುವುದಿಲ್ಲ. ರಸ್ತೆ ಬದಿಯ ಬೇವಿನ ಮರದ ನೆರಳಿನಲ್ಲಿ ಇಪ್ಪತ್ತು ನಿಮಿಷ ಕೂತು ಮತ್ತೆ ಪ್ರಯತ್ನಿಸುತ್ತೀರಿ. ಏನೂ ಆಗಿಲ್ಲವೆಂಬಂತೆ ಕಾರು ಹೊರಡುತ್ತದೆ!

ಊರು ಸೇರಿ ಗ್ಯಾರೇಜಿಗೆ ಹೋದರೆ ಮೆಕ್ಯಾನಿಕ್ ಕಿವಿಗೊಟ್ಟು ಕೇಳಿ, "ಈಗ ಸರಿಯಾಗೇ ಇದೆಯಲ್ಲ ಸಾರ್, ಎಲ್ಲಿ ಅಂತ ಹುಡುಕೋದು?" ಎನ್ನುತ್ತಾನೆ. ಅವನ ಮಾತಿನಲ್ಲಿ ತಪ್ಪೇನೂ ಇಲ್ಲ. ಇಲ್ಲದ ದೋಷವನ್ನು ಹುಡುಕುವುದಾದರೂ ಹೇಗೆ? ಆಮೇಲೆ ನಡೆಯುವುದು ಊಹೆಯ ಆಟ. ಮೊದಲು ಪ್ಲಗ್ ಬದಲಾಗುತ್ತದೆ, ನಂತರ ಫಿಲ್ಟರ್, ನಂತರ ಇಂಧನ ಪಂಪ್. ಸಾವಿರಾರು ರೂಪಾಯಿ ಖರ್ಚಾದ ಮೇಲೆ ಮತ್ತೊಂದು ಮಧ್ಯಾಹ್ನ, ಲಾರಿಯೊಂದನ್ನು ಹಿಂದಿಕ್ಕುತ್ತಿರುವಾಗ, ಎಂಜಿನ್ ಮತ್ತೆ ನಿಲ್ಲುತ್ತದೆ. ಆಗ ಪ್ರಶ್ನೆ ಹಣದ್ದಲ್ಲ, ಪ್ರಾಣದ್ದು.

ಬಿಟ್ಟು ಬಿಟ್ಟು ಕಾಣುವ ಇಂತಹ ದೋಷಕ್ಕೆ ಕಾರಣವಿಲ್ಲದೆ ಇರುವುದಿಲ್ಲ. ಅದು ನಿಗದಿತ ಪರಿಸ್ಥಿತಿಯಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ, ಅಷ್ಟೆ. ಆ ಪರಿಸ್ಥಿತಿಯನ್ನು ಗುರುತಿಸುವುದು ಶಾಲೆಯಲ್ಲಿ ನಾವು ಕಲಿಸುವ ವೈಜ್ಞಾನಿಕ ವಿಧಾನದ ಒಳ್ಳೆಯ ಪಾಠ.

ಎಂಜಿನ್ನಿಗೆ ಬೇಕಾದುದು ಮೂರೇ

ಪೆಟ್ರೋಲ್ ಎಂಜಿನ್ ಓಡಲು ಗಾಳಿ, ಇಂಧನ ಮತ್ತು ಕಿಡಿ ಬೇಕು. ಮೂರೂ ಸರಿಯಾದ ಪ್ರಮಾಣದಲ್ಲಿ, ಸರಿಯಾದ ಕ್ಷಣಕ್ಕೆ ಸಿಗಬೇಕು. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕಾಗುತ್ತದೆ. ನಾಲ್ಕು ಸಿಲಿಂಡರಿನ, ನಾಲ್ಕು ಹೊಡೆತದ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎನ್ನೋಣ. ಅಂದರೆ ಸೆಕೆಂಡಿಗೆ 50 ಸುತ್ತು. ಪ್ರತಿ ಸುತ್ತಿಗೆ ಎರಡು ಸಿಲಿಂಡರುಗಳಲ್ಲಿ ದಹನ ನಡೆಯುವುದರಿಂದ ಸೆಕೆಂಡಿಗೆ 100 ಬಾರಿ ಕಿಡಿ ಹಾರಬೇಕು, 100 ಬಾರಿ ಅಳತೆಯ ಇಂಧನ ಒಳಗೆ ಹೋಗಬೇಕು. ಈ ಮೂರರಲ್ಲಿ ಯಾವುದೇ ಒಂದು ಒಂದೆರಡು ಸೆಕೆಂಡು ಕೈಕೊಟ್ಟರೂ ಎಂಜಿನ್ ನಿಲ್ಲುತ್ತದೆ.

ಕಾರ್ಬುರೇಟರ್ ಈ ಕೆಲಸವನ್ನು ಯಾಂತ್ರಿಕವಾಗಿ ಮಾಡುತ್ತಿತ್ತು. ಅಂಬಾಸಿಡರ್, ಫಿಯೆಟ್ ಕಾರುಗಳ ಕಾಲವನ್ನು ಕಂಡ ಹಿರಿಯರನ್ನು ಕೇಳಿ ನೋಡಿ. ಬೇಸಿಗೆಯಲ್ಲಿ ಗಾಡಿ ನಿಂತರೆ ಚಾಲಕ ಇಳಿದು, ಬಾನೆಟ್ ಎತ್ತಿ, ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದ. ಪೆಟ್ರೋಲ್ ಅನೇಕ ಹೈಡ್ರೊಕಾರ್ಬನ್‌ಗಳ ಮಿಶ್ರಣ. ಅದರ ಹಗುರ ಅಂಶಗಳು ಸುಮಾರು 35-40 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯತೊಡಗುತ್ತವೆ. ಬಿಸಿ ಎಂಜಿನ್ನಿಗೆ ಅಂಟಿಕೊಂಡಿದ್ದ ಪಂಪಿನಲ್ಲಿ ಪೆಟ್ರೋಲ್ ಆವಿಯಾದರೆ ಪಂಪ್ ದ್ರವದ ಬದಲು ಗುಳ್ಳೆಗಳನ್ನು ಎಳೆಯುತ್ತಿತ್ತು. ಇದೇ 'ವೇಪರ್ ಲಾಕ್'. ಒದ್ದೆ ಬಟ್ಟೆಯ ನೀರು ಆವಿಯಾಗುವಾಗ ಪಂಪಿನ ಶಾಖವನ್ನು ಹೀರಿಕೊಳ್ಳುತ್ತಿತ್ತು. ಮಣ್ಣಿನ ಮಡಕೆಯ ನೀರು ತಣ್ಣಗಿರುವುದೂ ಇದೇ ತತ್ವದಿಂದ.

ಇಂಜೆಕ್ಷನ್ ಎಂಜಿನ್ನಿನಲ್ಲಿ ವಿದ್ಯುತ್ ಪಂಪ್ ಸಾಮಾನ್ಯವಾಗಿ ಟ್ಯಾಂಕಿನೊಳಗೇ ಮುಳುಗಿರುತ್ತದೆ. ಅದು ಪೆಟ್ರೋಲನ್ನು ವಾತಾವರಣಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚಿನ ಒತ್ತಡದಲ್ಲಿ ತಳ್ಳುತ್ತದೆ. ಒತ್ತಡ ಹೆಚ್ಚಿದಾಗ ಕುದಿಯುವ ಬಿಂದು ಮೇಲೇರುತ್ತದೆ, ಪ್ರೆಷರ್ ಕುಕ್ಕರಿನಲ್ಲಿ ಆಗುವಂತೆ. ಆದ್ದರಿಂದ ಇಲ್ಲಿ ವೇಪರ್ ಲಾಕ್ ಅಪರೂಪ. ಬಿಸಿಲಿನಲ್ಲಿ ಕಾರು ನಿಂತಿತೆಂದರೆ ಪೆಟ್ರೋಲ್ ಕುದಿಯಿತು ಎಂಬ ಹಳೆಯ ತೀರ್ಮಾನಕ್ಕೆ ಈಗ ನೇರವಾಗಿ ಬರುವಂತಿಲ್ಲ.

ಒಂದು ಸ್ಪೋರ್ಟ್ಸ್ ಕಾರಿನ ಪಾಠ

ಪೆಟ್ರೋಲ್ ಇಂಜೆಕ್ಷನ್ ಹೊಸದಲ್ಲ. 1954ರಲ್ಲಿ ಬಂದ ಮರ್ಸಿಡಿಸ್ 300 ಎಸ್ಎಲ್ ಸ್ಪೋರ್ಟ್ಸ್ ಕಾರಿನಲ್ಲಿ ಯಾಂತ್ರಿಕ ಇಂಜೆಕ್ಷನ್ ಇತ್ತು. 1967ರಲ್ಲಿ ಜರ್ಮನಿಯ ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಇಂಜೆಕ್ಷನ್ ವೋಕ್ಸ್‌ವ್ಯಾಗನ್ 1600 ಕಾರಿಗೆ ಬಂತು. ಇದೇ ಬಾಷ್‌ನ ಭಾರತೀಯ ಅಂಗಸಂಸ್ಥೆಯೇ ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಇಂಜೆಕ್ಷನ್ ಪಂಪುಗಳನ್ನು ತಯಾರಿಸುತ್ತಿದ್ದ ನಮ್ಮ 'ಮೈಕೊ'. 2006ರಲ್ಲಿ ನಮ್ಮ ದೇಶದ ಮೋಟಾರ್ ಸೈಕಲ್ಲಿಗೂ ಇಂಜೆಕ್ಷನ್ ಬಂತು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಾದ ಮೇಲೆ ಹೊಸ ಪೆಟ್ರೋಲ್ ಬೈಕುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಇಂಜೆಕ್ಷನ್‌ನವೇ. ಹಾಗಾಗಿ ಈ ಲೇಖನದ ವಿಷಯ ನಿಮ್ಮ ಶಾಲೆಯ ಮುಂದೆ ನಿಂತಿರುವ ಬೈಕಿಗೂ ಅನ್ವಯಿಸುತ್ತದೆ.

ಬಿಟ್ಟು ಬಿಟ್ಟು ನಿಲ್ಲುವ ಎಂಜಿನ್ನಿಗೆ ಹೆಸರಾದ ಉದಾಹರಣೆ ಪೋರ್ಷ 944. 1982ರಿಂದ 1991ರವರೆಗೆ ತಯಾರಾದ ಈ ಸ್ಪೋರ್ಟ್ಸ್ ಕಾರಿನ ಇಂಧನ ಮತ್ತು ಕಿಡಿ ಎರಡನ್ನೂ ಒಂದೇ ಕಂಪ್ಯೂಟರ್ ನಿಯಂತ್ರಿಸುತ್ತದೆ. ಆ ಕಂಪ್ಯೂಟರಿಗೂ ಇಂಧನ ಪಂಪಿಗೂ ವಿದ್ಯುತ್ ಹೋಗುವುದು ಬೆಂಕಿಪೊಟ್ಟಣದಷ್ಟು ದೊಡ್ಡ ಒಂದೇ ರಿಲೇ ಮೂಲಕ. ರಿಲೇ ಎಂದರೆ ಸಣ್ಣ ಪ್ರವಾಹದಿಂದ ದೊಡ್ಡ ಪ್ರವಾಹವನ್ನು ಹಾಕುವ, ಆರಿಸುವ ವಿದ್ಯುತ್ಕಾಂತೀಯ ಸ್ವಿಚ್ಚು. ವರ್ಷಗಳು ಕಳೆದಂತೆ ಅದರೊಳಗಿನ ಬೆಸುಗೆಗಳಲ್ಲಿ ಕೂದಲೆಳೆಯಂತಹ ಬಿರುಕು ಮೂಡುತ್ತದೆ. ಏಕೆ? ತಾಮ್ರ, ತವರ-ಸೀಸದ ಬೆಸುಗೆ, ಅವುಗಳನ್ನು ಹೊತ್ತ ಹಲಗೆ - ಮೂರೂ ಬಿಸಿಯಾದಾಗ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಪ್ರತಿದಿನ ಕಾಯ್ದು ತಣಿದು ಬೆಸುಗೆ ದಣಿಯುತ್ತದೆ. ತಂಪಾಗಿದ್ದಾಗ ಬಿರುಕಿನ ಎರಡು ಬದಿ ತಾಗಿಕೊಂಡಿರುತ್ತವೆ, ಕಾಯ್ದಾಗ ಬೇರೆಯಾಗುತ್ತವೆ. ಎಂಜಿನ್ ನಿಲ್ಲುತ್ತದೆ. ತಣಿದ ಮೇಲೆ ಮತ್ತೆ ಹೊರಡುತ್ತದೆ. ಈ ಕಾರಿನ ಅನುಭವಿ ಮಾಲೀಕರು ಒಂದು ಹೆಚ್ಚುವರಿ ರಿಲೇಯನ್ನು ಕಾರಿನಲ್ಲೇ ಇಟ್ಟುಕೊಂಡು ತಿರುಗುವುದು ವಾಡಿಕೆ.

ದುಬಾರಿ ಎಂಜಿನ್, ದುಬಾರಿ ಕಂಪ್ಯೂಟರ್ ಎರಡೂ ಸರಿಯಾಗಿದ್ದು, ಅಗ್ಗದ ಒಂದು ಬೆಸುಗೆ ಇಡೀ ಕಾರನ್ನು ನಿಲ್ಲಿಸಬಲ್ಲದು!

ಮುಖ್ಯ ಸಂಶಯಗಳು

ಬಿ.ಜಿ. ಕೆರೆಯ ದಾರಿಯಲ್ಲಿ ನಿಂತ ನಿಮ್ಮ ಕಾರಿಗೆ ಈಗ ಮರಳೋಣ. ಬಿಸಿಯಾದಾಗ ನಿಂತು ತಣಿದಾಗ ಹೊರಡುವ ದೋಷಕ್ಕೆ ಹೆಚ್ಚಾಗಿ ಕಾರಣವಾಗುವವು ಇವು.

1. ರಿಲೇ, ಫ್ಯೂಸ್ ಮತ್ತು ವಯರಿನ ಕೂಡುಗಳು. ಬೆಸುಗೆಯ ಬಿರುಕು, ಸಡಿಲ ಕನೆಕ್ಟರ್, ತುಕ್ಕು ಹಿಡಿದ ಅರ್ತ್ ಬೋಲ್ಟು, ಸವೆದ ಇಗ್ನಿಷನ್ ಸ್ವಿಚ್ಚು ಈ ಗುಂಪಿಗೆ ಸೇರಿದವು.

2. ಕ್ರ್ಯಾಂಕ್ ಸಂವೇದಕ. ಕ್ರ್ಯಾಂಕ್ ದಂಡ ಎಲ್ಲಿದೆ, ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ತಿಳಿಸುವುದು ಇದು. ಅನೇಕ ಕಾರುಗಳಲ್ಲಿ ಇದು ಅಯಸ್ಕಾಂತಕ್ಕೆ ಸುತ್ತಿದ ತಂತಿಯ ಸುರುಳಿ. ಹಲ್ಲುಗಳಿರುವ ಚಕ್ರ ಅದರ ಮುಂದೆ ತಿರುಗಿದಾಗ, ಫ್ಯಾರಡೆಯ ನಿಯಮದಂತೆ ಸುರುಳಿಯಲ್ಲಿ ವೋಲ್ಟೇಜ್ ಪ್ರೇರಿತವಾಗುತ್ತದೆ. ಸುರುಳಿಯ ತಂತಿ ಒಳಗೆ ತುಂಡಾಗುವ ಹಂತದಲ್ಲಿದ್ದರೆ ಬಿಸಿಯಲ್ಲಿ ಬಿಡುತ್ತದೆ, ತಂಪಿನಲ್ಲಿ ಕೂಡುತ್ತದೆ. ಈ ಸಂಕೇತ ನಿಂತರೆ ಕಂಪ್ಯೂಟರ್ ಎಂಜಿನ್ ತಿರುಗುತ್ತಿಲ್ಲ ಎಂದೇ ತಿಳಿದು ಕಿಡಿಯನ್ನೂ ಇಂಧನವನ್ನೂ ಒಟ್ಟಿಗೆ ನಿಲ್ಲಿಸುತ್ತದೆ. ಅಪಘಾತವಾದಾಗ ಪೆಟ್ರೋಲ್ ಚೆಲ್ಲದಿರಲಿ ಎಂಬ ಸುರಕ್ಷಾ ಏರ್ಪಾಡೂ ಇದರಲ್ಲಿದೆ. ಹೀಗಾಗಿ ಒಂದೇ ದೋಷ ಎರಡು ದೋಷಗಳಂತೆ ಕಾಣುತ್ತದೆ.

3. ಇಂಧನ ಪಂಪ್ ಮತ್ತು ಪೆಟ್ರೋಲಿನ ದಾರಿ. ಪಂಪನ್ನು ತಂಪಾಗಿಡುವುದು ಅದರ ಸುತ್ತಲಿನ ಪೆಟ್ರೋಲೇ. ಟ್ಯಾಂಕ್ ಬರಿದಾಗುತ್ತಾ ಬಂದಂತೆ ಸವೆದ ಪಂಪ್ ಕಾಯ್ದು ಸೋಲುತ್ತದೆ. ಹಳೆಯ ಟ್ಯಾಂಕಿನ ತುಕ್ಕು ಜಾಲರಿಗೆ ಅಡರಿದರೂ ಹೀಗೆಯೇ. ಈಗ ನಮ್ಮ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ನೀರನ್ನು ಹೀರುವ ಗುಣದ್ದು. ನೀರು ಒಂದು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಬೇರೆ ಪದರವಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪಂಪ್ ಹೀರುವುದೂ ತಳದಿಂದಲೇ.

4. ಇಗ್ನಿಷನ್ ಕಾಯಿಲ್. ಇದರ ಒಳಗಿನ ನಿರೋಧಕ ಪದರ ಹಾಳಾದರೆ ಬಿಸಿಯಲ್ಲಿ ಕಿಡಿ ಸೋರಿಹೋಗುತ್ತದೆ.

5. ಗಾಳಿಯ ದಾರಿ. ಚಳ್ಳಕೆರೆ ಸೀಮೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಒಂದು. ದೂಳು ಇಲ್ಲಿ ಸದಾ ಇದ್ದದ್ದೇ. ಥ್ರಾಟಲ್ ಸುತ್ತ ಕಟ್ಟಿದ ಕಿಟ್ಟ, ಬಿರುಕು ಬಿಟ್ಟ ರಬ್ಬರ್ ಕೊಳವೆ ತೊಂದರೆ ಕೊಡುವುದು ಹೆಚ್ಚಾಗಿ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ. ಓಡುವಾಗ ಸರಿಯಿದ್ದು, ಉಬ್ಬಿನ ಬಳಿ ಅಥವಾ ಬಸ್ ನಿಲ್ದಾಣದ ಮುಂದೆ ನಿಧಾನಿಸಿದಾಗ ಮಾತ್ರ ನಿಲ್ಲುವ ಕಾರಿನಲ್ಲಿ ಮೊದಲು ನೋಡಬೇಕಾದುದು ಇದನ್ನೇ.

ಆ ಎರಡು ನಿಮಿಷಗಳು

ಒಂದು ಮಾತನ್ನು ಗಮನಿಸಿ. "ತಣಿದ ಮೇಲೆ ಹೊರಟಿತು" ಎಂಬ ಹೇಳಿಕೆ ಮೊದಲ ನಾಲ್ಕೂ ಸಂಶಯಗಳಿಗೆ ಹೊಂದುತ್ತದೆ. ಎಲ್ಲಕ್ಕೂ ಹೊಂದುವ ಸಾಕ್ಷ್ಯದಿಂದ ಯಾವುದೂ ಸಿದ್ಧವಾಗುವುದಿಲ್ಲ. ಸಂಶಯಗಳನ್ನು ಬೇರ್ಪಡಿಸುವ ಸಾಕ್ಷ್ಯ ಇರುವುದು ಎಂಜಿನ್ ಸತ್ತಿರುವ ಆ ಕೆಲವು ನಿಮಿಷಗಳಲ್ಲಿ ಮಾತ್ರ. ನಾವಾದರೋ ಆ ಹೊತ್ತನ್ನು ಮರದ ನೆರಳಿನಲ್ಲಿ, ಎಂಜಿನ್ ತಣಿಯಲಿ ಎಂದು ಕಾಯುತ್ತಾ ಕಳೆಯುತ್ತೇವೆ. ಎಂಜಿನ್ ತಣಿಯುವುದೆಂದರೆ ಸಾಕ್ಷ್ಯ ಅಳಿಸಿಹೋಗುವುದು.

ಆದ್ದರಿಂದ ಕಾರನ್ನು ರಸ್ತೆಯಿಂದ ಸುರಕ್ಷಿತವಾಗಿ ಬದಿಗೆ ತಂದ ಕೂಡಲೇ ಹೀಗೆ ಮಾಡಿ.

ಮೊದಲನೆಯದು, ನಿಂತ ಬಗೆಯನ್ನು ನೆನಪಿಟ್ಟುಕೊಳ್ಳಿ. ದೀಪ ಆರಿಸಿದಂತೆ ಒಮ್ಮೆಲೇ ನಿಂತಿತೇ? ಹಾಗಿದ್ದರೆ ವಿದ್ಯುತ್ತಿನ ಕಡೆಯ ದೋಷದ ಸಂಭವ ಹೆಚ್ಚು. ಮುಗ್ಗರಿಸಿ, ಎಳೆಯಲಾರದೆ, ಉಸಿರುಗಟ್ಟಿದಂತೆ ನಿಂತಿತೇ? ಆಗ ಇಂಧನದ ಕಡೆ ನೋಡಬೇಕು. ಸುತ್ತಿನ ಮಾಪಕ ಇದ್ದರೆ ಅದರ ಮುಳ್ಳು ಒಳ್ಳೆಯ ಸಾಕ್ಷಿ. ಅನೇಕ ಹಳೆಯ ಕಾರುಗಳಲ್ಲಿ ಅದು ಇಗ್ನಿಷನ್ ಸಂಕೇತದಿಂದಲೇ ನಡೆಯುತ್ತದೆ. ಕಾರು ಗೇರಿನಲ್ಲಿದ್ದು ಚಕ್ರಗಳು ಎಂಜಿನ್ನನ್ನು ಇನ್ನೂ ತಿರುಗಿಸುತ್ತಿರುವಾಗಲೇ ಮುಳ್ಳು ಸೊನ್ನೆಗೆ ಬಿದ್ದರೆ ಸಂಕೇತವೇ ಕಡಿದುಹೋಗಿದೆ ಎಂದರ್ಥ. ಮುಳ್ಳು ಎಂಜಿನ್ನಿನ ಜೊತೆಯಲ್ಲೇ ನಿಧಾನವಾಗಿ ಇಳಿದರೆ ಕಿಡಿಯ ಏರ್ಪಾಡು ಬಹುತೇಕ ಸರಿಯಿದೆ.

ಎರಡನೆಯದು, ಕೀಲಿಯನ್ನು 'ಆನ್' ಸ್ಥಾನಕ್ಕೆ ತಿರುಗಿಸಿ ಕಿವಿಗೊಡಿ. ಹೆಚ್ಚಿನ ಕಾರುಗಳಲ್ಲಿ ಪಂಪ್ ಸುಮಾರು ಎರಡು ಸೆಕೆಂಡು ಗುಂಯ್‌ಗುಟ್ಟಿ ನಿಲ್ಲುತ್ತದೆ. ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ, ಪಂಪ್ ಈ ಮೂರರಲ್ಲಿ ಒಂದು. ಈ ಸದ್ದನ್ನು ಕಾರು ಸರಿಯಿದ್ದಾಗಲೇ ಕೇಳಿ ಗುರುತು ಮಾಡಿಕೊಂಡಿರಬೇಕು.

ಮೂರನೆಯದು, ಸ್ಟಾರ್ಟರ್ ತಿರುಗಿಸುವಾಗ ಸುತ್ತಿನ ಮಾಪಕದ ಮುಳ್ಳು ಸ್ವಲ್ಪವಾದರೂ ಅಲುಗಾಡುತ್ತದೆಯೇ ನೋಡಿ. ಪಂಪಿನ ಸದ್ದಿದ್ದು, ಸರಿಯಿದ್ದಾಗ ಅಲುಗಾಡುತ್ತಿದ್ದ ಮುಳ್ಳು ಈಗ ಕದಲದಿದ್ದರೆ ಸಂಶಯ ಕ್ರ್ಯಾಂಕ್ ಸಂವೇದಕದ ಮೇಲೆ.

ನಾಲ್ಕನೆಯದು, ಟ್ಯಾಂಕಿನ ಮುಚ್ಚಳ ತೆರೆಯಿರಿ. 'ಉಸ್' ಎಂದು ಗಾಳಿ ಒಳಗೆ ನುಗ್ಗಿ, ನಂತರ ಎಂಜಿನ್ ಹೊತ್ತಿಕೊಂಡರೆ ಗಾಳಿಯಾಡುವ ರಂಧ್ರ ಕಟ್ಟಿಕೊಂಡು ಟ್ಯಾಂಕಿನಲ್ಲಿ ಒತ್ತಡ ಕುಸಿದಿತ್ತು. ಇದು ಅಪರೂಪ, ಆದರೆ ಪರೀಕ್ಷೆಗೆ ಖರ್ಚಿಲ್ಲ.

ಐದನೆಯದು, ಎಲ್ಲವನ್ನೂ ಬರೆದಿಡಿ. ಸಮಯ, ಎಷ್ಟು ಕಿಲೋಮೀಟರು ಓಡಿದ ಮೇಲೆ ನಿಂತಿತು, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲಿತ್ತು, ಏರೋ ಇಳಿಜಾರೋ, ಗುಂಡಿಗೆ ಬಿದ್ದಾಗಲೋ ಸಮ ರಸ್ತೆಯಲ್ಲೋ, ಎಷ್ಟು ಹೊತ್ತಿನ ಮೇಲೆ ಹೊರಟಿತು. ಮೂರು ನಾಲ್ಕು ಬಾರಿಯ ದಾಖಲೆ ಕೈಯಲ್ಲಿದ್ದರೆ ಅವುಗಳಲ್ಲಿ ಸಾಮಾನ್ಯವಾದ ಅಂಶ ತಾನಾಗಿಯೇ ಎದ್ದು ಕಾಣುತ್ತದೆ. ಗುಂಡಿಗೆ ಬಿದ್ದಾಗೆಲ್ಲ ನಿಂತರೆ ಸಡಿಲ ಕೂಡು. ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗಿಳಿದಾಗೆಲ್ಲ ನಿಂತರೆ ಪಂಪ್. ಚಹಾಕ್ಕೆಂದು ಹತ್ತು ನಿಮಿಷ ನಿಲ್ಲಿಸಿ ಹೊರಟಾಗೆಲ್ಲ ತೊಂದರೆಯಾದರೆ ಶಾಖ. ಎಂಜಿನ್ ನಿಂತ ಮೇಲೆ ತಂಪು ಮಾಡುವ ನೀರಿನ ಹರಿವೂ ಗಾಳಿಯೂ ನಿಲ್ಲುವುದರಿಂದ ಬಾನೆಟ್ಟಿನ ಕೆಳಗಿನ ಉಷ್ಣತೆ ಸ್ವಲ್ಪ ಹೊತ್ತು ಏರುತ್ತಲೇ ಹೋಗುತ್ತದೆ.

ದೋಷವನ್ನು ಕರೆಯುವುದು

ಈ ದಾಖಲೆ ಮೆಕ್ಯಾನಿಕ್ಕಿನ ಕೈಗೆ ಬಂದರೆ ಅವನು ದೋಷಕ್ಕಾಗಿ ಕಾಯಬೇಕಿಲ್ಲ, ಅದನ್ನು ಕರೆಯಬಹುದು. ಎಂಜಿನ್ ಓಡುತ್ತಿರುವಾಗ ರಿಲೇ ಮತ್ತು ಕನೆಕ್ಟರುಗಳನ್ನು ಒಂದೊಂದಾಗಿ ಬೆರಳಿನಿಂದ ತಟ್ಟುವುದು, ವಯರುಗಳನ್ನು ಮೆಲ್ಲನೆ ಅಲುಗಿಸುವುದು ಮೊದಲ ಉಪಾಯ. ಕೂದಲು ಒಣಗಿಸುವ ಡ್ರೈಯರಿನಿಂದ ಬಿಚ್ಚಿ ತೆಗೆದ ಸಂವೇದಕವನ್ನೋ ರಿಲೇಯನ್ನೋ ಬಿಸಿ ಮಾಡಿ ಅಳೆಯುವುದು ಇನ್ನೊಂದು.

ಇಲ್ಲಿ ವಿದ್ಯಾರ್ಥಿಗಳಿಗೊಂದು ಲೆಕ್ಕವಿದೆ. 25 ಡಿಗ್ರಿಯಲ್ಲಿ 800 ಓಮ್ ರೋಧವಿರುವ ತಾಮ್ರದ ಸುರುಳಿ 105 ಡಿಗ್ರಿಗೆ ಕಾಯ್ದರೆ ರೋಧ ಎಷ್ಟಾಗಬೇಕು? ತಾಮ್ರದ ರೋಧದ ಉಷ್ಣತಾ ಗುಣಾಂಕ ಡಿಗ್ರಿಗೆ 0.0039 ಎಂದುಕೊಂಡರೆ 800 × (1 + 0.0039 × 80), ಅಂದರೆ ಸುಮಾರು 1050 ಓಮ್. ಮೀಟರ್ ಇದರ ಆಸುಪಾಸು ತೋರಿಸಿದರೆ ಸುರುಳಿಯ ತಂತಿ ಅಖಂಡವಾಗಿದೆ. ಬಿಸಿ ಮಾಡುತ್ತಿದ್ದಂತೆ ಮೀಟರ್ ಅನಂತಕ್ಕೆ ಹಾರಿದರೆ ಅಪರಾಧಿ ಸಿಕ್ಕಿಬಿದ್ದ ಹಾಗೆ. ರೋಧ ಹೆಚ್ಚುವುದು ಸಹಜ, ಕಡಿದುಹೋಗುವುದು ದೋಷ. ಇವೆರಡರ ವ್ಯತ್ಯಾಸ ತಿಳಿಯದವರು ಒಳ್ಳೆಯ ಸಂವೇದಕವನ್ನೂ ಎಸೆಯುತ್ತಾರೆ.

ಕೂಡುಗಳ ಪರೀಕ್ಷೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪಂಪ್ 6 ಆಂಪಿಯರ್ ಎಳೆಯುತ್ತಿರುವಾಗ ಕೆಟ್ಟ ಕೂಡಿನಲ್ಲಿ ಅರ್ಧ ಓಮ್ ರೋಧವಿದೆ ಎನ್ನೋಣ. ಓಮ್ ನಿಯಮದಂತೆ ಅಲ್ಲಿಯೇ 3 ವೋಲ್ಟ್ ನಷ್ಟ. ಅಷ್ಟೇ ಅಲ್ಲ, ಪ್ರವಾಹದ ವರ್ಗ ಮತ್ತು ರೋಧದ ಗುಣಲಬ್ಧದಂತೆ 18 ವಾಟ್ ಶಾಖ ಆ ಪುಟ್ಟ ಜಾಗದಲ್ಲಿ ಹುಟ್ಟುತ್ತದೆ. ಶಾಖದಿಂದ ಕೂಡು ಮತ್ತಷ್ಟು ಕೆಡುತ್ತದೆ. ಎಂಜಿನ್ ಆರಿಸಿ, ತಣ್ಣಗಾದ ಕೂಡಿಗೆ ಓಮ್ ಮೀಟರ್ ಹಿಡಿದರೆ ಈ ದೋಷ ಕಾಣದೆ ಹೋಗಬಹುದು. ಪ್ರವಾಹ ಹರಿಯುತ್ತಿರುವಾಗಲೇ ಕೂಡಿನ ಎರಡು ಬದಿಗೆ ವೋಲ್ಟ್ ಮೀಟರ್ ಹಿಡಿದು, ಎಷ್ಟು ವೋಲ್ಟ್ ಅಲ್ಲಿ ಕಳೆದುಹೋಗುತ್ತಿದೆ ಎಂದು ನೋಡಬೇಕು. ಒಳ್ಳೆಯ ಕೂಡಿನಲ್ಲಿ ಅದು ಸೊನ್ನೆಯ ಹತ್ತಿರ ಇರುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕೆಂಬುದನ್ನು ಮರೆಯಬಾರದು. ರಿಲೇ, ಸಂವೇದಕ, ಪಂಪ್ ಮೂರನ್ನೂ ಒಂದೇ ದಿನ ಬದಲಿಸಿ ಕಾರು ಸರಿಹೋದರೆ ದೋಷ ಯಾವುದರಲ್ಲಿತ್ತೆಂದು ಯಾರಿಗೂ ತಿಳಿಯುವುದಿಲ್ಲ. ಎರಡು ಒಳ್ಳೆಯ ಬಿಡಿಭಾಗ ಗುಜರಿಗೆ ಹೋಗಿರುತ್ತವೆ. ಹೊಸ ಕಾರುಗಳಲ್ಲಿ ಕಂಪ್ಯೂಟರಿಗೆ ಸ್ಕ್ಯಾನರ್ ಜೋಡಿಸಿ ದೋಷಸಂಖ್ಯೆ ಓದಬಹುದು. ಅದೂ ಸುಳಿವು ಮಾತ್ರ. ಸಂವೇದಕದ ಸಂಕೇತ ಬರಲಿಲ್ಲ ಎಂದು ಸ್ಕ್ಯಾನರ್ ಹೇಳಬಲ್ಲದು. ಕೆಟ್ಟದ್ದು ಸಂವೇದಕವೋ ಅದರ ವಯರೋ ಎಂದು ಹೇಳಲಾರದು.

ಚಳ್ಳಕೆರೆಯ ಬಯಲಿನಲ್ಲೇ ಒಂದು ನಿದರ್ಶನ

ಈ ಕ್ರಮ ಬರೀ ಗ್ಯಾರೇಜಿನದಲ್ಲ. ಚಳ್ಳಕೆರೆ ಸಮೀಪ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಆರಂಭವಾಯಿತು. 2023ರ ಏಪ್ರಿಲ್ 2ರಂದು ಇಸ್ರೊ ತನ್ನ ಮರುಬಳಕೆಯ ಉಡಾವಣಾ ವಾಹನದ ಮಾದರಿಯನ್ನು ಹೆಲಿಕಾಪ್ಟರಿನಲ್ಲಿ 4.5 ಕಿ.ಮೀ. ಎತ್ತರಕ್ಕೆ ಒಯ್ದು ಅಲ್ಲಿಂದ ಬಿಟ್ಟಿತು. ಅದು ತಾನಾಗಿಯೇ ಇಲ್ಲಿನ ಓಡುದಾರಿಯ ಮೇಲೆ ಇಳಿಯಿತು. 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಮತ್ತೆರಡು ಬಾರಿ ಇಳಿಯಿತು. ಇಂತಹ ಹಾರಾಟಗಳಲ್ಲಿ ಸಂವೇದಕಗಳ ಅಳತೆಗಳು ಕ್ಷಣಕ್ಷಣವೂ ದಾಖಲಾಗುತ್ತವೆ. ಆಗಸದಲ್ಲಿ ಆದ ಒಂದು ಕ್ಷಣದ ತಪ್ಪನ್ನು ನೆಲಕ್ಕಿಳಿದ ಮೇಲೆ ಬಿಚ್ಚಿ ನೋಡಿದರೆ ಅದು ಅಲ್ಲಿ ಇರದೆ ಹೋಗಬಹುದು. ಆ ಕ್ಷಣದ ಅಳತೆಯೇ ಆಧಾರ. ನಿಮ್ಮ ನೋಟ್ ಪುಸ್ತಕದ ನಾಲ್ಕು ಸಾಲು ನಿಮ್ಮ ಕಾರಿಗೆ ಅಂತಹ ದಾಖಲೆ.

ಮೊದಲು ಜೀವ, ಆಮೇಲೆ ಪರೀಕ್ಷೆ

ಓಡುವಾಗ ಎಂಜಿನ್ ನಿಂತರೆ ಗಾಬರಿಯಾಗಬೇಡಿ. ಬ್ರೇಕಿಗೆ ನೆರವಾಗುವ ನಿರ್ವಾತ ಒಂದೆರಡು ಒತ್ತಿಗೆ ಮಾತ್ರ ಉಳಿದಿರುತ್ತದೆ. ಪೆಡಲನ್ನು ಪದೇ ಪದೇ ತುಳಿಯದೆ ಒಮ್ಮೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪವರ್ ಸ್ಟೀರಿಂಗ್ ಭಾರವಾಗುತ್ತದೆ, ಆದರೆ ತಿರುಗುತ್ತದೆ. ಕಾರು ಪೂರ್ತಿ ನಿಲ್ಲುವ ಮೊದಲು ಕೀಲಿ ಹೊರಗೆ ತೆಗೆಯಲೇಬಾರದು, ಸ್ಟೀರಿಂಗ್ ಬೀಗ ಬೀಳುತ್ತದೆ. ಎಚ್ಚರಿಕೆಯ ದೀಪ ಹಾಕಿ ಎಡಕ್ಕೆ ಸರಿಯಿರಿ. ಒತ್ತಡದಲ್ಲಿರುವ ಇಂಧನದ ಕೊಳವೆಯನ್ನು ರಸ್ತೆ ಬದಿಯಲ್ಲಿ ಬಿಚ್ಚಬೇಡಿ. ಪೆಟ್ರೋಲ್ ವಾಸನೆಯಿದ್ದಲ್ಲಿ, ಟ್ಯಾಂಕಿನ ಮುಚ್ಚಳ ತೆರೆದಿರುವಾಗ ಕಿಡಿಯ ಪರೀಕ್ಷೆ ಮಾಡಬೇಡಿ. ದೋಷ ಸಿಗುವವರೆಗೆ ಆ ಕಾರಿನಲ್ಲಿ ಹೆದ್ದಾರಿಯಲ್ಲಿ ಬೇರೆ ವಾಹನವನ್ನು ಹಿಂದಿಕ್ಕುವ ಸಾಹಸ ಬೇಡ.

ತರಗತಿಯಲ್ಲಿ ಮಾಡಿ ನೋಡಿ

12 ವೋಲ್ಟ್ ಬ್ಯಾಟರಿ, ಬೈಕು ಅಥವಾ ಕಾರಿನ 21 ವಾಟ್ ಬಲ್ಬು, ಒಂದು ಫ್ಯೂಸ್, ಮಲ್ಟಿಮೀಟರ್ ತೆಗೆದುಕೊಳ್ಳಿ. ಮಂಡಲದ ನಡುವೆ ತುಕ್ಕು ಹಿಡಿದ ನಟ್ಟು-ಬೋಲ್ಟಿನ ಒಂದು ಕೂಡು ಇಡಿ. ಬಲ್ಬು ಉರಿಯುವಾಗ ಸುಮಾರು 1.75 ಆಂಪಿಯರ್ ಹರಿಯಬೇಕು. ಕೂಡಿನ ಎರಡು ಬದಿಯ ವೋಲ್ಟೇಜ್ ಅಳೆಯಿರಿ. ನಟ್ಟನ್ನು ಸಡಿಲಿಸಿ, ಬಿಗಿ ಮಾಡಿ, ಉಜ್ಜುಕಾಗದದಿಂದ ಉಜ್ಜಿ ಮತ್ತೆ ಅಳೆಯಿರಿ. ಬಲ್ಬಿನ ಬೆಳಕಿಗೂ ಮೀಟರಿನ ಅಂಕಿಗೂ ಇರುವ ಸಂಬಂಧವನ್ನು ಮಕ್ಕಳೇ ಕಂಡುಕೊಳ್ಳಲಿ. ನಂತರ ಶಿಕ್ಷಕರು ಮಕ್ಕಳಿಗೆ ಕಾಣದಂತೆ ಮೂರು ಕೂಡುಗಳಲ್ಲಿ ಒಂದನ್ನು ಸಡಿಲಿಸಿಡಲಿ. ಯಾವುದನ್ನೂ ಬಿಚ್ಚದೆ, ಬರೀ ಅಳತೆಯಿಂದ ಅದು ಯಾವುದೆಂದು ಹೇಳುವ ತಂಡ ಗೆದ್ದಂತೆ.

ಮೊಳಕಾಲ್ಮೂರಿನ ರೇಷ್ಮೆ ಮಗ್ಗದ ಮುಂದೆ ಕೂತ ನೇಕಾರರನ್ನು ನೋಡಿ. ಎಳೆಯೊಂದು ಕಡಿದರೆ ಅವರು ಹಾಸನ್ನೆಲ್ಲ ಬದಲಿಸುವುದಿಲ್ಲ. ಮಗ್ಗ ನಿಲ್ಲಿಸಿ, ಬಟ್ಟೆಯಲ್ಲಿ ತಪ್ಪು ಕಂಡ ಕಡೆಯಿಂದ ಹಿಂದಕ್ಕೆ ಕಣ್ಣು ಹಾಯಿಸಿ, ಆ ಒಂದು ಎಳೆಯನ್ನು ಹಿಡಿದು ಗಂಟು ಹಾಕುತ್ತಾರೆ. ನಿಂತ ಎಂಜಿನ್ನಿನ ಮುಂದೆ ನಾವೂ ಮಾಡಬೇಕಾದುದು ಅಷ್ಟೇ. ಮುಂದಿನ ಸಲ ಕಾರು ನಿಂತಾಗ ನೆರಳು ಹುಡುಕುವ ಮೊದಲು ಎರಡು ನಿಮಿಷ ಕಿವಿಗೊಟ್ಟು ಕೇಳಿ, ಕಂಡದ್ದನ್ನು ಬರೆದುಕೊಳ್ಳಿ.